ಎರಡು ಆಸನದ ಹಳೆಯ ಸ್ಪೋರ್ಟ್ಸ್ ಕಾರಿಗೆ ಇನ್ನೆರಡು ಆಸನ: ತಗಡು ಕತ್ತರಿಸುವ ಮುನ್ನ

ಐವತ್ತು ವರ್ಷ ದಾಟಿದ ವಾಹನಗಳಿಗೆ ಪ್ರತ್ಯೇಕ ನೋಂದಣಿ ಕೊಡುವ ನಿಯಮವನ್ನು ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಪ್ರಕಟಿಸಿದ ಮೇಲೆ, ವಾಡೆಯ ಹಿಂದಿನ ಶೆಡ್ಡಿನಲ್ಲಿ ತಾಡಪತ್ರಿ ಹೊದ್ದು ನಿಂತಿದ್ದ ಕಾರುಗಳನ್ನು ಮತ್ತೆ ರಸ್ತೆಗಿಳಿಸುವ ಮಾತು ಹಲವು ಮನೆಗಳಲ್ಲಿ ಎದ್ದಿದೆ. ಮುಧೋಳ, ಜಮಖಂಡಿ, ರಾಮದುರ್ಗದಂತಹ ಸಂಸ್ಥಾನಗಳೂ ಬೆಳಗಾವಿಯ ದಂಡುಪ್ರದೇಶವೂ ಇದ್ದ ಈ ಭಾಗಕ್ಕೆ ಹಳೆಯ ಕಾರು ಅಪರಿಚಿತವಲ್ಲ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಲೇತ್ ಅಂಗಡಿಗಳು ಮತ್ತು ಫೌಂಡ್ರಿಗಳಿಂದಾಗಿ, ಸಿಗದ ಬಿಡಿಭಾಗವನ್ನು ಮಾಡಿಸಿಕೊಳ್ಳುವುದೂ ಇಲ್ಲಿ ಬೇರೆ ಊರುಗಳಷ್ಟು ಕಷ್ಟವಲ್ಲ. ಆದರೆ ಅಜ್ಜ ಕೊಂಡ ಸ್ಪೋರ್ಟ್ಸ್ ಕಾರಿನಲ್ಲಿ ಇಬ್ಬರೇ ಕೂರಬಹುದು, ಮೊಮ್ಮಗನ ಮನೆಯಲ್ಲಿ ನಾಲ್ವರಿದ್ದಾರೆ. ಕಾರನ್ನು ಪೂರ್ತಿ ಬಿಚ್ಚಿ ಇಟ್ಟಿರುವಾಗ "ಹೆಂಗೂ ಎಲ್ಲಾ ಬಿಚ್ಚೀರಿ, ಹಿಂದ ಇನ್ನೊಂದು ಸೀಟ್ ಕೂಡಿಸಿಬಿಡ್ರಿ" ಎಂಬ ಬೇಡಿಕೆ ಬರುವುದು ಸಹಜ. ಈ ಬೇಡಿಕೆಯಲ್ಲಿ ಸೀಟು ಹೊಲಿಸುವುದು ಅತ್ಯಂತ ಸಣ್ಣ ಕೆಲಸ. ಉಳಿದದ್ದು ಏನೆಂಬುದನ್ನು ಈ ಲೇಖನ ವಿವರಿಸುತ್ತದೆ.

ಮೊದಲು ನಾಲ್ಕು ಮಾತುಗಳ ಅರ್ಥ

ಜನರನ್ನೋ ಸಾಮಾನನ್ನೋ ಒಯ್ಯುವುದಕ್ಕಿಂತ ಹೆಚ್ಚಾಗಿ ಚುರುಕಾಗಿ ಓಡಿಸುವ ಸಂತೋಷಕ್ಕಾಗಿಯೇ ಮಾಡಿದ, ತಗ್ಗಾದ ಮತ್ತು ಹಗುರವಾದ ವಾಹನವನ್ನು ಸ್ಪೋರ್ಟ್ಸ್ ಕಾರು ಎನ್ನುತ್ತಾರೆ. ಅದರಲ್ಲಿ ಮೇಲ್ಛಾವಣಿಯಿಲ್ಲದೆ, ಮಡಚುವ ಬಟ್ಟೆಯ ಹುಡ್ ಮಾತ್ರ ಇರುವ ಎರಡು ಆಸನದ ಮಾದರಿಗೆ ರೋಡ್‌ಸ್ಟರ್ ಎಂಬ ಹೆಸರಿದೆ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಮಕ್ಕಳಿಗಷ್ಟೇ ಸಾಲುವ ಎರಡು ಪುಟ್ಟ ಆಸನಗಳಿದ್ದರೆ ಅದು ಟೂ ಪ್ಲಸ್ ಟೂ. ಮುಂದಿನ ಗಾಲಿಯ ನಡುಬಿಂದುವಿನಿಂದ ಹಿಂದಿನ ಗಾಲಿಯ ನಡುಬಿಂದುವಿನವರೆಗಿನ ದೂರವೇ ವೀಲ್‌ಬೇಸ್, ಮತ್ತು ಈ ಇಡೀ ವಿಷಯದ ಕೀಲಿ ಅದರಲ್ಲೇ ಇದೆ.

ರಿಸ್ಟೋರೇಷನ್ ಎಂದರೆ ಕಾರನ್ನು ಅದು ಕಾರ್ಖಾನೆಯಿಂದ ಹೊರಬಂದ ಸ್ಥಿತಿಗೆ ಮರಳಿಸುವುದು. ತುಕ್ಕು ಹಿಡಿದ ತಗಡನ್ನು ಅದೇ ಆಕಾರದ ಹೊಸ ತಗಡಿನಿಂದ ಬದಲಿಸಿದರೆ ಅದು ರಿಸ್ಟೋರೇಷನ್. ಆ ಜಾಗದಲ್ಲಿ ಹಿಂದೆಂದೂ ಇರದಿದ್ದ ಆಸನವನ್ನು ಕೂರಿಸಿದರೆ ಅದು ಮಾರ್ಪಾಡು. ಗ್ಯಾರೇಜಿನಲ್ಲಿ ಎರಡೂ ಒಂದೇ ಬಿಲ್ಲಿನಲ್ಲಿ ಬರಬಹುದು, ಕಾನೂನಿನ ಕಣ್ಣಿಗೆ ಮಾತ್ರ ಅವು ಬೇರೆ ಬೇರೆ.

ಕಂಪನಿಗಳೇ ಈ ಕೆಲಸಕ್ಕೆ ಕೈಹಾಕಿದಾಗ

ಎರಡು ಆಸನದ ಕಾರನ್ನು ನಾಲ್ಕು ಆಸನದ್ದಾಗಿಸುವ ಪ್ರಯತ್ನ ಹೊಸದೇನಲ್ಲ. ಕಾರು ತಯಾರಕರೇ ಇದನ್ನು ಮತ್ತೆಮತ್ತೆ ಮಾಡಿದ್ದಾರೆ, ಮತ್ತು ಅವರು ಏನನ್ನು ಬದಲಿಸಿದರು ಎಂಬುದನ್ನು ಗಮನಿಸಿದರೆ ಕೆಲಸದ ನಿಜವಾದ ಗಾತ್ರ ಕಾಣುತ್ತದೆ.

ಜಾಗ್ವಾರ್ ಕಂಪನಿಯ ಇ-ಟೈಪ್ 1961ರಲ್ಲಿ ಬಂದಾಗ ಅದರ ವೀಲ್‌ಬೇಸ್ 96 ಇಂಚು ಇತ್ತು. 1966ರಲ್ಲಿ ಟೂ ಪ್ಲಸ್ ಟೂ ಮಾದರಿಯನ್ನು ತರುವಾಗ ಅದನ್ನು 105 ಇಂಚಿಗೆ ಹಿಗ್ಗಿಸಿದರು, ಮೇಲ್ಛಾವಣಿಯನ್ನು ಎತ್ತರಿಸಿದರು, ಬಾಗಿಲುಗಳನ್ನು ಉದ್ದ ಮಾಡಿದರು. ಹಿಂದೆ ಕೂರುವವರು ಒಳಗೆ ಹೋಗುವ ದಾರಿಯೂ ಅದೇ ಬಾಗಿಲಾದ್ದರಿಂದ ಅದು ಅನಿವಾರ್ಯವಾಗಿತ್ತು. ಇಷ್ಟೆಲ್ಲ ಮಾಡಿದ ಮೇಲೂ ಆ ಕಾರಿನ ನೋಟ ಮೊದಲಿನಷ್ಟು ಚೆಂದ ಉಳಿಯಲಿಲ್ಲ ಎನ್ನುವವರೇ ಹೆಚ್ಚು, ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಆ ಮಾತನ್ನು ತಳ್ಳಿಹಾಕುವುದು ಕಷ್ಟ. ಜಪಾನಿನ ದಾಟ್ಸನ್ ಕೂಡ ಇದೇ ದಾರಿ ಹಿಡಿಯಿತು. ಎರಡು ಆಸನದ 240ಝಡ್ ಕಾರಿನ ವೀಲ್‌ಬೇಸ್ 2,305 ಮಿಲಿಮೀಟರ್ ಇದ್ದರೆ, 1974ರ 260ಝಡ್‌ನ ಟೂ ಪ್ಲಸ್ ಟೂ ಮಾದರಿಯದು 2,605 ಮಿಲಿಮೀಟರ್. ಹೆಚ್ಚುಕಡಿಮೆ ಒಂದು ಅಡಿಯಷ್ಟು ಹೆಚ್ಚಳ, ಅದೂ ಮಕ್ಕಳಿಗೆ ಸಾಲುವ ಜಾಗಕ್ಕಾಗಿ.

ಅಮೆರಿಕದ ಫೋರ್ಡ್ ಇನ್ನೂ ಮುಂದೆ ಹೋಯಿತು. 1955ರಲ್ಲಿ ಬಂದ ಎರಡು ಆಸನದ ಥಂಡರ್‌ಬರ್ಡ್ 102 ಇಂಚಿನ ವೀಲ್‌ಬೇಸ್ ಹೊಂದಿತ್ತು. 1958ರಲ್ಲಿ ಅದನ್ನು ನಾಲ್ಕು ಆಸನದ್ದಾಗಿಸಲು ಹಳೆಯದನ್ನು ತಿದ್ದುವ ಗೋಜಿಗೇ ಹೋಗದೆ, ಪ್ರತ್ಯೇಕ ಚಾಸಿಸ್ (ಭಾರ ಹೊರುವ ಉಕ್ಕಿನ ಚೌಕಟ್ಟು) ಇಲ್ಲದ, 113 ಇಂಚಿನ ವೀಲ್‌ಬೇಸಿನ ಹೊಸ ಕಾರನ್ನೇ ಕಟ್ಟಿದರು. ಮಾರಾಟದ ದೃಷ್ಟಿಯಿಂದ ಅದು ಗೆದ್ದಿತು ಎಂಬುದು ಬೇರೆ ಮಾತು.

ವೀಲ್‌ಬೇಸ್ ಮುಟ್ಟದೆ ಅಥವಾ ಹೆಚ್ಚು ಮುಟ್ಟದೆ ಮಾಡಿದ ಉದಾಹರಣೆಗಳೂ ಇವೆ. ಆಸ್ಟಿನ್-ಹೀಲಿ ಕಂಪನಿಯು 1956ರ 100-6 ಮಾದರಿಯಲ್ಲಿ ಎರಡೇ ಇಂಚು ಹೆಚ್ಚಿಸಿ ಹಿಂದೆ ಪುಟ್ಟ ಆಸನಗಳನ್ನು ತೂರಿಸಿತು. ಇಂಗ್ಲೆಂಡಿನ ಎಂಜಿ ಕಂಪನಿಯ 1962ರ ಎಂಜಿಬಿ ರೋಡ್‌ಸ್ಟರ್ ಮತ್ತು 1965ರ ಮೇಲ್ಛಾವಣಿಯುಳ್ಳ ಎಂಜಿಬಿ ಜಿಟಿ ಎರಡರದೂ 91 ಇಂಚಿನ ವೀಲ್‌ಬೇಸೇ. ಜಿಟಿಯಲ್ಲಿ ಹಿಂದಿನ ಆಸನವೊಂದಿದೆ, ಆದರೆ ಅದರಲ್ಲಿ ದೊಡ್ಡವರು ಕಾಲು ಇಡುವುದೆಲ್ಲಿ ಎಂಬ ಪ್ರಶ್ನೆಗೆ ಉತ್ತರವಿಲ್ಲ. ಗೋಡೆಗೆ ಬೆನ್ನು ತಾಗಿಸಿ ಸ್ಟೂಲಿನ ಮೇಲೆ ಕುಳಿತು ಗೋಡೆಯಿಂದ ಮಂಡಿಯ ತುದಿಯವರೆಗೆ ಟೇಪು ಹಿಡಿದರೆ ಸಾಧಾರಣ ಎತ್ತರದ ವ್ಯಕ್ತಿಗೆ 55ರಿಂದ 60 ಸೆಂಟಿಮೀಟರ್ ಬರುತ್ತದೆ. ಮುಂದಿನ ಸೀಟನ್ನು ಓಡಿಸುವವರಿಗೆ ಬೇಕಾದಷ್ಟು ಹಿಂದೆ ಸರಿಸಿದ ಮೇಲೂ ಅದರ ಬೆನ್ನಿನಿಂದ ಹಿಂದಿನ ಆಸನದ ಬೆನ್ನಿನವರೆಗೆ ಇಷ್ಟು ಜಾಗ ಉಳಿಯದಿದ್ದರೆ, ಅಲ್ಲಿ ದೊಡ್ಡವರು ಕೂರಲಾರರು. ಯಾವ ಗ್ಯಾರೇಜಿಗೂ ಹೋಗದೆ ಮನೆಯಲ್ಲೇ ಮಾಡಬಹುದಾದ ಮೊದಲ ಪರೀಕ್ಷೆ ಇದು.

1920 ಮತ್ತು 30ರ ದಶಕಗಳ ಅನೇಕ ಎರಡು ಆಸನದ ಕಾರುಗಳಲ್ಲಿ ಹಿಂಭಾಗದ ಮುಚ್ಚಳ ತೆರೆದರೆ ಡಿಕ್ಕಿ ಸೀಟು ಹೊರಬರುತ್ತಿತ್ತು. ಅದರಲ್ಲಿ ಕುಳಿತವರಿಗೆ ಮಳೆ, ಗಾಳಿ, ಧೂಳು ಎಲ್ಲವೂ ಉಚಿತ. ಅಂತಹ ಕಾರು ಕೈಯಲ್ಲಿದ್ದು ಆ ಸೀಟು ಕಳೆದುಹೋಗಿದ್ದರೆ, ಅದನ್ನು ಮತ್ತೆ ಮಾಡಿಸುವುದು ಮಾರ್ಪಾಡಲ್ಲ, ರಿಸ್ಟೋರೇಷನ್ನೇ.

ಭಾರ ಎಲ್ಲಿ ಬೀಳುತ್ತದೆ

ಕಬ್ಬು ಹೇರಿದ ಚಕ್ಕಡಿಯನ್ನು ಕಂಡವರಿಗೆ ಈ ಭಾಗ ಸುಲಭ. ಹೇರು ಅಚ್ಚಿನ ಹಿಂದಕ್ಕೆ ಹೆಚ್ಚಾದರೆ ನೊಗ ಎತ್ತುಗಳ ಹೆಗಲು ಬಿಟ್ಟು ಮೇಲೇಳುತ್ತದೆ, ಆಗ ಎತ್ತುಗಳಿಗೆ ಗಾಡಿಯ ಮೇಲೆ ಹಿಡಿತವೇ ಇರುವುದಿಲ್ಲ. ಕಾರಿನಲ್ಲಿ ಆ ನೊಗದ ಜಾಗದಲ್ಲಿರುವುದು ಸ್ಟೀರಿಂಗ್ ತಿರುಗಿಸುವ ಮುಂದಿನ ಗಾಲಿಗಳು.

ಲೆಕ್ಕ ಹಾಕಿ ನೋಡೋಣ. 2,100 ಮಿಲಿಮೀಟರ್ ವೀಲ್‌ಬೇಸಿನ ಪುಟ್ಟ ಕಾರೊಂದರಲ್ಲಿ ತಲಾ 65 ಕಿಲೋ ತೂಕದ ಇಬ್ಬರು ಹಿಂದೆ ಕುಳಿತರೆ ಸೇರುವ ಭಾರ 130 ಕಿಲೋ. ಅವರು ಹಿಂದಿನ ಅಚ್ಚಿನ ನೇರ ಮೇಲೆ ಕುಳಿತರೆ ಆ 130 ಕಿಲೋ ಪೂರ್ತಿ ಹಿಂದಿನ ಗಾಲಿಗಳ ಪಾಲು. ಜಾಗ ಸಾಲದೆ ಆಸನವನ್ನು ಅಚ್ಚಿನಿಂದ 200 ಮಿಲಿಮೀಟರ್ ಹಿಂದೆ ಸರಿಸಿದರೆ ಹಿಂದಿನ ಗಾಲಿಗಳ ಮೇಲೆ ಸುಮಾರು 142 ಕಿಲೋ ಬೀಳುತ್ತದೆ, ಮತ್ತು ಆ ಹೆಚ್ಚುವರಿ 12 ಕಿಲೋ ಮುಂದಿನ ಗಾಲಿಗಳ ಮೇಲಿದ್ದ ಭಾರದಿಂದ ಕಳೆಯುತ್ತದೆ. ಕಂಪನಿಗಳು ಹಿಂದಿನ ಅಚ್ಚನ್ನೇ ಹಿಂದಕ್ಕೆ ಒಯ್ದು ವೀಲ್‌ಬೇಸ್ ಹಿಗ್ಗಿಸಿದ್ದಕ್ಕೆ ಕಾರಣ ಇದು: ಕೂರುವವರು ಎರಡು ಅಚ್ಚುಗಳ ನಡುವೆ ಉಳಿಯಬೇಕು.

ಒಟ್ಟು ತೂಕದ ಪ್ರಶ್ನೆ ಬೇರೆಯೇ ಇದೆ. 700 ಕಿಲೋ ತೂಕದ ಕಾರು ಇಬ್ಬರೊಂದಿಗೆ 830 ಕಿಲೋ ಆಗುತ್ತದೆ, ನಾಲ್ವರೊಂದಿಗೆ 960. ಅದೇ ವೇಗದಲ್ಲಿ ಓಡುವ ಕಾರನ್ನು ನಿಲ್ಲಿಸಲು ಬ್ರೇಕುಗಳು ಶೇ 16ರಷ್ಟು ಹೆಚ್ಚು ಶಕ್ತಿಯನ್ನು ಶಾಖವಾಗಿ ಹೊರಹಾಕಬೇಕು. ಊರೊಳಗೆ ಇದು ತಿಳಿಯದು. ಜಾಂಬೋಟಿ ದಾಟಿ ಚೋರ್ಲಾ ಘಾಟಿನಲ್ಲಿ ಗೋವಾದ ಕಡೆ ಇಳಿಯುವಾಗ, ತಿರುವಿನಿಂದ ತಿರುವಿಗೆ ಬ್ರೇಕ್ ಒತ್ತುತ್ತಲೇ ಹೋಗಬೇಕಾದಲ್ಲಿ ಹಳೆಯ ಡ್ರಮ್ ಬ್ರೇಕುಗಳು ಬಿಸಿಯಾಗಿ ಹಿಡಿತ ಸಡಿಲಿಸತೊಡಗುತ್ತವೆ.

ಸ್ಪ್ರಿಂಗುಗಳ ಕಥೆಯೂ ಹೀಗೇ. ಇಂಗ್ಲೆಂಡಿನ ಟ್ರಯಂಫ್ ಸ್ಪಿಟ್‌ಫೈರ್ ಕಾರಿನ ಹಿಂಭಾಗವನ್ನು ಅಡ್ಡಲಾಗಿ ಹಾಕಿದ ಒಂದೇ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳನ್ನು ಪೇರಿಸಿ ಮಾಡಿದ ಸ್ಪ್ರಿಂಗ್) ಹೊರುತ್ತದೆ, ಎರಡೂ ಬದಿಯ ಅರ್ಧ ಅಚ್ಚುಗಳು ನಡುವಿನ ಡಿಫರೆನ್ಷಿಯಲ್‌ನಿಂದ (ಎರಡೂ ಹಿಂದಿನ ಗಾಲಿಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಮೇಲೆ ಕೆಳಗೆ ತೂಗುತ್ತವೆ. ಹಿಂದೆ ಭಾರ ಬಿದ್ದಾಗ ಗಾಲಿಗಳ ಮೇಲಂಚು ಒಳಕ್ಕೆ ವಾಲಿ ಕೆಳಗಿನ ಅಂಚು ಹೊರಕ್ಕೆ ಚಾಚುವುದು ಕಣ್ಣಿಗೇ ಕಾಣುತ್ತದೆ, ಟೈರಿನ ಒಳಬದಿ ಬೇಗ ಸವೆಯುತ್ತದೆ. ಸ್ಪ್ರಿಂಗಿಗೆ ಇನ್ನೊಂದು ಪಟ್ಟಿ ಸೇರಿಸಿದರೆ ನಾಲ್ವರಿಗೆ ಸರಿಹೋದೀತು, ಆದರೆ ಒಬ್ಬರೇ ಓಡಿಸುವಾಗ ಅದೇ ಕಾರು ಪ್ರತಿ ಗುಂಡಿಗೂ ಪುಟಿಯುತ್ತದೆ.

ಚಾಸಿಸ್ ಇರುವ ಕಾರು, ಚಾಸಿಸ್ ಇಲ್ಲದ ಕಾರು

ಹಳೆಯ ಕಾರುಗಳಲ್ಲಿ ಎರಡು ಬಗೆ. ಒಂದರಲ್ಲಿ ಉಕ್ಕಿನ ಉದ್ದುದ್ದ ತೊಲೆಗಳ ಚೌಕಟ್ಟು, ಅಂದರೆ ಚಾಸಿಸ್, ಎಲ್ಲ ಭಾರವನ್ನೂ ಹೊರುತ್ತದೆ. ಮೇಲಿನ ತಗಡಿನ ಮೈಯನ್ನು ಬೋಲ್ಟ್ ಬಿಚ್ಚಿ ಎತ್ತಿಡಬಹುದು. ಇನ್ನೊಂದರಲ್ಲಿ ಪ್ರತ್ಯೇಕ ಚೌಕಟ್ಟಿಲ್ಲ. ನೆಲ, ಬಾಗಿಲ ಕೆಳಗಿನ ಸಿಲ್, ಒಳಗೋಡೆಗಳು ಎಲ್ಲವನ್ನೂ ಬೆಸೆದು ಮಾಡಿದ ತಗಡಿನ ಮೈಯೇ ಭಾರ ಹೊರುತ್ತದೆ, ಅದಕ್ಕೆ ಮಾನೊಕಾಕ್ ಎನ್ನುತ್ತಾರೆ. ಎಂಜಿಬಿ ಎರಡನೆಯ ಬಗೆಯದು.

ಮೇಲ್ಛಾವಣಿಯಿಲ್ಲದ ಮಾನೊಕಾಕ್ ಕಾರಿನಲ್ಲಿ ಮುಂಭಾಗವನ್ನೂ ಹಿಂಭಾಗವನ್ನೂ ಹಿಡಿದಿಟ್ಟಿರುವುದು ಮುಖ್ಯವಾಗಿ ಆ ಎರಡು ಸಿಲ್‌ಗಳು ಮತ್ತು ನಡುವಿನ ಸುರಂಗದಾಕಾರದ ನೆಲಭಾಗ. ಸಿಲ್ ತುಕ್ಕು ಹಿಡಿದಿದೆಯೇ ಎಂದು ತಿಳಿಯಲು ಬಾಗಿಲ ಹಿಂದಿನ ಸಂದನ್ನು ನೋಡಬೇಕು. ಕಾರು ತನ್ನ ಗಾಲಿಗಳ ಮೇಲೆ ನಿಂತಿರುವಾಗ ನಡು ಜಗ್ಗಿದ್ದರೆ ಬಾಗಿಲಿಗೂ ಹಿಂದಿನ ತಗಡಿಗೂ ನಡುವಿನ ಸಂದು ಕೆಳಗೆ ಅಗಲವಾಗಿ ಮೇಲೆ ಕಿರಿದಾಗಿರುತ್ತದೆ. ಬಾಗಿಲು ಮುಚ್ಚುವಾಗ ಮೇಲ್ತುದಿ ಉಜ್ಜಿ ಬಣ್ಣ ಎದ್ದ ಗುರುತೂ ಅಲ್ಲಿರುತ್ತದೆ. ಖಾನಾಪುರ, ಬೆಳಗಾವಿಯ ಮಳೆಯಲ್ಲಿ ವರ್ಷಗಟ್ಟಲೆ ನಿಂತ ಕಾರಿಗೆ ಈ ಪರೀಕ್ಷೆ ಕಡ್ಡಾಯ. ವಿಜಯಪುರ, ಬಾಗಲಕೋಟೆಯ ಒಣ ಹವೆಯಲ್ಲಿದ್ದ ಕಾರುಗಳ ತಗಡು ಸಾಮಾನ್ಯವಾಗಿ ಇದಕ್ಕಿಂತ ಗಟ್ಟಿಯಾಗಿರುತ್ತದೆ, ಅಲ್ಲಿ ಹಾಳಾಗುವುದು ರಬ್ಬರು ಮತ್ತು ಸೀಟಿನ ಚರ್ಮ.

ಈಗ ಇಂತಹ ಮೈಯನ್ನು ಉದ್ದ ಮಾಡುವ ವಿಚಾರಕ್ಕೆ ಬರೋಣ. ಎರಡು ತುದಿಗೆ ಆಧಾರ ಕೊಟ್ಟ ತೊಲೆಯ ನಡುವೆ ಭಾರವಿಟ್ಟರೆ ಅದು ಬಾಗುವ ಪ್ರಮಾಣ ಉದ್ದದ ಘನಕ್ಕೆ ಅನುಗುಣವಾಗಿರುತ್ತದೆ. ಉದ್ದ ಶೇ 10 ಹೆಚ್ಚಿದರೆ ಬಾಗುವುದು ಶೇ 33 ಹೆಚ್ಚುತ್ತದೆ. ಹಾಗಾಗಿ ನಡುವೆ ಕತ್ತರಿಸಿ ತುಂಡು ಸೇರಿಸಿದರೆ ಸಾಲದು, ಇಡೀ ತೊಲೆಯನ್ನೇ ದಪ್ಪ ಅಥವಾ ಎತ್ತರ ಮಾಡಬೇಕು. ಬಾಗಿಲ ಚೌಕಟ್ಟಿಗೆ ಒಳಗಿನಿಂದ ಉಕ್ಕಿನ ಕೊಳವೆಗಳ ತಾತ್ಕಾಲಿಕ ಆಧಾರ ಬೆಸೆಯದೆ ಸಿಲ್‌ಗೆ ಕಟರ್ ಹಚ್ಚಿದರೆ ಮೈ ತಾನಾಗಿಯೇ ತಿರುಚಿಕೊಳ್ಳುತ್ತದೆ, ಆಮೇಲೆ ಯಾವ ಬಾಗಿಲೂ ಸರಿಯಾಗಿ ಕೂರುವುದಿಲ್ಲ. ತೆಳು ತಗಡಿಗೆ ಗ್ಯಾಸ್ ವೆಲ್ಡಿಂಗಿನ ಬಿಸಿ ಹೆಚ್ಚಾಗಿ ಅದು ಅಲೆಯಲೆಯಾಗುವುದರಿಂದ, ಗ್ಯಾರೇಜುಗಳಲ್ಲಿ ಸಿಒಟೂ ವೆಲ್ಡಿಂಗ್ ಎಂದು ಕರೆಯುವ ವಿಧಾನದಲ್ಲಿ ಚುಕ್ಕೆ ಚುಕ್ಕೆಯಾಗಿ, ನಡುವೆ ಆರಲು ಬಿಟ್ಟು ಬೆಸೆಯುತ್ತಾರೆ.

ಚಾಸಿಸ್ ಇರುವ ಕಾರಿನಲ್ಲಿ ಕೆಲಸ ಸುಲಭವೆಂದು ತೋರುತ್ತದೆ, ಆದರೆ ಅಲ್ಲೂ ಒಂದು ಮೋಸವಿದೆ. ಸ್ಪಿಟ್‌ಫೈರ್ ಕಾರಿನ ಚಾಸಿಸ್ಸನ್ನು ಮಾಡಿದ್ದು ಅದೇ ಕಂಪನಿಯ ಹೆರಾಲ್ಡ್ ಕಾರಿನದನ್ನು ಗಿಡ್ಡಗೊಳಿಸಿ. ಹೆರಾಲ್ಡಿನ ವೀಲ್‌ಬೇಸ್ 91.5 ಇಂಚು, ಸ್ಪಿಟ್‌ಫೈರಿನದು 83. ಹಾಗಿದ್ದರೆ ಹೆರಾಲ್ಡಿನ ಚಾಸಿಸ್ಸನ್ನೇ ಕೆಳಗೆ ಹಾಕಿದರಾಯಿತಲ್ಲ ಎಂದು ಯಾರಿಗಾದರೂ ಹೊಳೆಯುತ್ತದೆ. ಆದರೆ ಗಿಡ್ಡಗೊಳಿಸುವಾಗ ಅಂಚಿನ ಆಧಾರ ತೊಲೆಗಳನ್ನು ಕೈಬಿಟ್ಟು, ಆ ಕೆಲಸವನ್ನು ಸ್ಪಿಟ್‌ಫೈರಿನ ಮೈಯ ಸಿಲ್‌ಗಳಿಗೆ ವಹಿಸಲಾಗಿತ್ತು. ಹೆಸರಿಗೆ ಚಾಸಿಸ್ ಇದ್ದರೂ ಅರ್ಧ ಭಾರ ತಗಡಿನ ಮೈಯೇ ಹೊರುವ ಇಂತಹ ಕಾರುಗಳಲ್ಲಿ ಎರಡನ್ನೂ ಒಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆಸನದ ಹಿಂದೆ ಈಗಾಗಲೇ ಏನಿದೆ

ಸ್ಪಿಟ್‌ಫೈರಿನಲ್ಲಿ ಮುಂದಿನ ಸೀಟುಗಳ ಹಿಂದೆ ನೆಟ್ಟಗೆ ನಿಂತಿರುವುದು ಪೆಟ್ರೋಲ್ ಟ್ಯಾಂಕು. 1974ಕ್ಕಿಂತ ಹಿಂದಿನ ಎಂಜಿಬಿಯಲ್ಲಿ ಸೀಟಿನ ಹಿಂದಿನ ನೆಲದಡಿ ಆರು ವೋಲ್ಟಿನ ಎರಡು ಬ್ಯಾಟರಿಗಳಿರುತ್ತವೆ. ರೋಡ್‌ಸ್ಟರ್‌ಗಳಲ್ಲಿ ಮಡಚಿದ ಹುಡ್ ಕೂರುವುದೂ ಅಲ್ಲೇ. ಖಾಲಿಯೆಂದು ಕಾಣುವ ಜಾಗ ಸಾಮಾನ್ಯವಾಗಿ ಖಾಲಿಯಿರುವುದಿಲ್ಲ. ಟ್ಯಾಂಕನ್ನು ಕಾರಿನ ಬಾಲಕ್ಕೆ ಒಯ್ದರೆ ಹಿಂದಿನಿಂದ ಗುದ್ದಿದಾಗ ಮೊದಲು ಪೆಟ್ಟು ತಿನ್ನುವುದು ಅದೇ. ಆದ್ದರಿಂದ ಟ್ಯಾಂಕಿಗೂ ಪ್ರಯಾಣಿಕರಿಗೂ ನಡುವೆ ಉಕ್ಕಿನ ಪೂರ್ಣ ಗೋಡೆ ಇರಲೇಬೇಕು.

ವೀಲ್‌ಬೇಸ್ ಹೆಚ್ಚಿಸಿದರೆ ಪ್ರೊಪೆಲ್ಲರ್ ಶಾಫ್ಟ್ (ಎಂಜಿನ್ನಿನ ಶಕ್ತಿಯನ್ನು ಹಿಂದಿನ ಅಚ್ಚಿಗೆ ಒಯ್ಯುವ ತಿರುಗುವ ಕೊಳವೆ), ಹ್ಯಾಂಡ್‌ಬ್ರೇಕ್ ಕೇಬಲ್, ಬ್ರೇಕ್ ಪೈಪು, ಸೈಲೆನ್ಸರ್ ಕೊಳವೆ, ವೈರಿಂಗ್ ಎಲ್ಲವೂ ಉದ್ದವಾಗಬೇಕು. ಶಾಫ್ಟಿನ ವಿಷಯದಲ್ಲಿ ಎಚ್ಚರ ಬೇಕು. ಉದ್ದ ಹೆಚ್ಚಿದಂತೆ ಅದು ನಡುಗಲು ಶುರುವಾಗುವ ವೇಗ ಉದ್ದದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ, ಹಾಗಾಗಿ ಹಳೆಯ ಕೊಳವೆಗೆ ತುಂಡು ಬೆಸೆಯುವ ಬದಲು ಹೆಚ್ಚು ವ್ಯಾಸದ ಹೊಸ ಕೊಳವೆಯಲ್ಲಿ ಮಾಡಿಸಿ, ತಿರುಗಿಸಿ ಬ್ಯಾಲೆನ್ಸ್ ಮಾಡಿಸಬೇಕು.

ಬೆಲ್ಟಿನ ಬೋಲ್ಟು

ಅಪಘಾತದಲ್ಲಿ ಕಾರು ಥಟ್ಟನೆ ನಿಂತಾಗ ಗುರುತ್ವದ 20 ಪಟ್ಟು ಒತ್ತಡ ಉಂಟಾಯಿತೆಂದು ಇಟ್ಟುಕೊಂಡರೆ, 65 ಕಿಲೋ ತೂಕದ ವ್ಯಕ್ತಿ ಬೆಲ್ಟನ್ನು 1,300 ಕಿಲೋ ಭಾರದಷ್ಟು ಬಲದಿಂದ ಎಳೆಯುತ್ತಾನೆ. ಒಂದು ಮಿಲಿಮೀಟರ್ ದಪ್ಪದ ತಗಡಿಗೆ ತೂತು ಕೊರೆದು ನಟ್ಟು ಬಿಗಿದರೆ ಅದು ಕಾಗದ ಹರಿದಷ್ಟೇ ಸುಲಭವಾಗಿ ಕಿತ್ತುಬರುತ್ತದೆ. ಬೋಲ್ಟಿನ ಹಿಂದೆ ಅಗಲವಾದ ದಪ್ಪ ಉಕ್ಕಿನ ಫಲಕ ಬೆಸೆದು, ಆ ಫಲಕವನ್ನು ಮೈಯ ಗಟ್ಟಿ ಭಾಗಕ್ಕೆ ಜೋಡಿಸಬೇಕು. ರೋಡ್‌ಸ್ಟರ್‌ನಲ್ಲಿ ಭುಜದ ಬೆಲ್ಟಿಗೆ ಬೇಕಾದ ಎತ್ತರದಲ್ಲಿ ಮೈಯೇ ಇರುವುದಿಲ್ಲ. ತೆರೆದ ಹಳೆಯ ಕಾರಿನಲ್ಲಿ ಹಿಂದೆ ಮಕ್ಕಳನ್ನು ಕೂರಿಸುವ ಯೋಜನೆ ಬಹುಪಾಲು ಮುರಿದುಬೀಳಬೇಕಾದದ್ದು ಇಲ್ಲೇ, ಆದರೆ ಈ ಬಗ್ಗೆ ವಿಚಾರಿಸುವವರು ಕಡಿಮೆ.

ಕಾನೂನು ಏನು ಹೇಳುತ್ತದೆ

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸುವಂತಿಲ್ಲ. ಆಸನ ಸಂಖ್ಯೆ ಅಂತಹ ಒಂದು ವಿವರ. ಈ ಕಲಮನ್ನು ಕಟ್ಟುನಿಟ್ಟಾಗಿಯೇ ಓದಬೇಕೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದೆನ್ನುತ್ತದೆ. ನೋಂದಣಿ ಪತ್ರದಲ್ಲಿ ಎರಡು ಎಂದಿದ್ದು ಕಾರಿನಲ್ಲಿ ನಾಲ್ಕು ಆಸನವಿದ್ದರೆ ವಿಮಾ ಕಂಪನಿಯೂ ಕ್ಲೇಮಿನ ಹೊತ್ತಿಗೆ ತಕರಾರು ತೆಗೆಯಬಹುದು.

ವಿಂಟೇಜ್ ನೋಂದಣಿಯ ನಿಯಮ ಇನ್ನೂ ಬಿಗಿ. ಮೊದಲ ನೋಂದಣಿಯಿಂದ 50 ವರ್ಷ ದಾಟಿರುವುದಷ್ಟೇ ಸಾಲದು, ವಾಹನ ಮೂಲರೂಪದಲ್ಲೇ ಇರಬೇಕು, ಚಾಸಿಸ್, ಮೈ ಅಥವಾ ಎಂಜಿನ್ನಿನಲ್ಲಿ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5,000 ರೂಪಾಯಿ. ರಾಜ್ಯದ ಸಂಕೇತದ ನಂತರ ವಿಎ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ. ಅಂತಹ ಕಾರನ್ನು ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕಾರಣಗಳಿಗೆ ಮಾತ್ರ ರಸ್ತೆಗೆ ತರಬಹುದು, ದಿನನಿತ್ಯದ ಓಡಾಟಕ್ಕಲ್ಲ. ಮಕ್ಕಳನ್ನು ಶಾಲೆಗೆ ಬಿಡಲೆಂದು ಹಿಂದಿನ ಸೀಟು ಬೇಕೆನ್ನುವವರಿಗೆ ಆ ನೋಂದಣಿಯೇ ಅಡ್ಡಿ.

ಎರಡನೆಯ ಮಹಾಯುದ್ಧಕ್ಕಿಂತ ಹಿಂದಿನ ಕೆಲವು ಕಾರುಗಳ ವಿಷಯದಲ್ಲಿ ಮೂಲರೂಪ ಯಾವುದೆಂದು ಹೇಳುವುದೇ ಕಷ್ಟ. ಆಗ ರೋಲ್ಸ್-ರಾಯ್ಸ್ ಚಾಸಿಸ್ ಮಾತ್ರ ಮಾರುತ್ತಿತ್ತು, ಮೈಯನ್ನು ಗಿರಾಕಿ ಬೇರೆ ಕಡೆ ಕಟ್ಟಿಸಿಕೊಳ್ಳುತ್ತಿದ್ದ. ಅಲ್ಲಿ ಹಳೆಯ ಫೋಟೊ ಮತ್ತು ಕಾಗದಪತ್ರಗಳೇ ಸಾಕ್ಷಿ.

ಉಳಿಯುವ ದಾರಿಗಳು

ಕಾನೂನು ಮತ್ತು ಲೋಹ ಎರಡೂ ಒಪ್ಪುವ ದಾರಿಗಳು ಹೆಚ್ಚಿಲ್ಲ. ಸೀಟಿನ ಹಿಂದೆ ಅಡ್ಡಹಲಗೆಯಿರುವ ಕಾರಿಗೆ ಮೂಲ ಬೋಲ್ಟ್ ತೂತುಗಳನ್ನೇ ಬಳಸಿ, ಯಾವ ತಗಡನ್ನೂ ಕತ್ತರಿಸದೆ ಗಾದಿ ಹಾಕಿಸಿಕೊಂಡರೆ ಸಾಮಾನಿಡಲು ಮೆತ್ತನೆಯ ಜಾಗವಾಗುತ್ತದೆ, ಬೇಡವಾದಾಗ ತೆಗೆದಿಡಬಹುದು. ಅದನ್ನು ಆಸನವೆಂದು ಎಣಿಸುವಂತಿಲ್ಲ.

ನಾಲ್ವರು ಕೂರಲೇಬೇಕೆಂದರೆ ಅದೇ ವಂಶದ ನಾಲ್ಕು ಆಸನದ ಕಾರನ್ನು ಹುಡುಕುವುದು ಮೇಲು, ಖರ್ಚಿನಲ್ಲೂ ಅದು ಕಡಿಮೆಗೆ ಬೀಳಬಹುದು. ಎಂಜಿ ಕಂಪನಿಯ ಎರಡು ಆಸನದ ಟಿಡಿ ಕಾರಿನ 94 ಇಂಚಿನ ಚಾಸಿಸ್ ಬಂದದ್ದು ವೈ-ಟೈಪ್ ಕಾರಿನ 99 ಇಂಚಿನ ಚಾಸಿಸ್ಸನ್ನು ಗಿಡ್ಡಗೊಳಿಸಿ. ಆ ವೈ-ಟೈಪಿನ ಮೇಲೆ ಕಟ್ಟಿದ ತೆರೆದ ನಾಲ್ಕು ಆಸನದ ವೈಟಿ 1948ರಿಂದ 1950ರವರೆಗೆ ತಯಾರಾಯಿತು. ಅದು ನಮ್ಮಲ್ಲಿ ಅಪರೂಪ. ಸ್ಪಿಟ್‌ಫೈರಿನ ಹಿರಿಯಣ್ಣ ಹೆರಾಲ್ಡ್ ಹಾಗಲ್ಲ. 1961ರಿಂದ ಅದು ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ಮದ್ರಾಸಿನಲ್ಲೇ ತಯಾರಾಗಿ ಮಾರಾಟವಾಯಿತು. ಅಗಲವಾದ ಬಾನೆಟ್ಟು ಇಡಿಯಾಗಿ ಮುಂದಕ್ಕೆ ಮಗುಚಿ ತೆರೆಯುವುದು, ಪುಟ್ಟ ಜಾಗದಲ್ಲಿ ತಿರುಗುವುದು, ಹಿಂದಿನ ಅಡ್ಡ ಲೀಫ್ ಸ್ಪ್ರಿಂಗ್, ಎಲ್ಲವೂ ಸ್ಪಿಟ್‌ಫೈರಿನಂತೆಯೇ. 1960ರ ದಶಕದ ಹೆರಾಲ್ಡುಗಳು ಈಗ 50 ವರ್ಷ ದಾಟಿವೆ, ಮತ್ತು ಹಿಂದಿನ ಆಸನ ಅವುಗಳ ನೋಂದಣಿ ಪತ್ರದಲ್ಲಿ ಮೊದಲಿನಿಂದಲೂ ಇದೆ.